ಗಡಿಗೆ ಗುಮ್ಮಟಕ್ಕೆ ಸುಣ್ಣ

ಹರಿಹರದ ಹೊಳೆ ದಂಡೆಯ ಹಳೇ ದರ್ಗಾವನ್ನು ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ. ಒಳಗೆ ಹೋಗಿ ತಲೆಯೆತ್ತಬೇಕು. ಕಟ್ಟಿದ ಪುಣ್ಯಾತ್ಮ ಯಾರೋ, ಗುಮ್ಮಟದ ಬುಡದ ಸುತ್ತ ಗಾರೆಯೊಳಗೆ ಮಣ್ಣಿನ ಗಡಿಗೆಗಳನ್ನು ಅಡ್ಡಡ್ಡ ಹುಗಿದು, ಬಾಯಿ ಮಾತ್ರ ಒಳಕ್ಕೆ ಬಿಟ್ಟಿದ್ದಾನೆ. ಅವು ದನಿಯನ್ನು ಹಿಡಿದು ಹರಡುವುದರಿಂದ ಮೆಲ್ಲಗೆ ಓದಿದ ಫಾತಿಹಾ ಪ್ರಾರ್ಥನೆಯೂ ಮೂಲೆಮೂಲೆಗೂ ಕೇಳುತ್ತದೆ. ಹೆಂಗಸರು ಮಾತ್ರ ಹೊಸಿಲಾಚೆ ನಿಂತೇ ಕೇಳಬೇಕು. ಒಳಗೆ ಅವರಿಗೆ ಪ್ರವೇಶವಿಲ್ಲ.

ಪ್ರತಿ ವರ್ಷ ಉರುಸಿಗೆ ಮೊದಲು ಒಳಗೆ ಸುಣ್ಣ ಬಳಿಯುವ ಹಕ್ಕು ದಾವಣಗೆರೆ ನಿಟ್ಟುವಳ್ಳಿಯ ಓಬಯ್ಯನ ಮನೆತನದ್ದು. ಗಡಿಗೆಯ ಬಾಯಿ ಮುಚ್ಚದಂತೆ ಬಳಿಯುವುದು ಎಲ್ಲರಿಗೂ ಒಲಿಯುವ ಕೆಲಸವಲ್ಲ. ಓಬಯ್ಯ ಬಾಗಿಲು ಹಾಕಿಕೊಂಡು ಬಳಿಯುತ್ತಾನೆ, ಹೆಂಡತಿ ನಾಗಕ್ಕ ದರ್ಗಾದ ಹಿತ್ತಲಲ್ಲಿ ಸುಣ್ಣ ಕಲಸುತ್ತಾಳೆ ಎಂದೇ ಎಲ್ಲರೂ ನಂಬಿದ್ದರು.

ಹೋದ ಕಾರ್ತಿಕದಲ್ಲಿ ಓಬಯ್ಯ ತೀರಿಕೊಂಡ. ಈ ಸಲ ನಾಗಕ್ಕ ಒಬ್ಬಳೇ ಬಕೆಟ್ಟು, ಕುಂಚ ಹಿಡಿದು ಬಂದಾಗ ದರ್ಗಾ ನೋಡಿಕೊಳ್ಳುವ ಮುಜಾವರ ಫೈಸಲ್ ಮುಖ ಸಣ್ಣದು ಮಾಡಿಕೊಂಡ. ದರ್ಗಾ ಕಮಿಟಿಯವರು ಸ್ಪ್ರೇ ಮಷಿನ್ನಿನವನಿಗೆ ಹೇಳಿಯಾಗಿದೆ, ಗಂಡಸಿಲ್ಲದ ಮೇಲೆ ನಾನೇನು ಮಾಡಲಿ ಎಂದ. ಕೆಟ್ಟವನಲ್ಲ, ಕಟ್ಟಳೆಗೆ ಹೆದರುವವನು ಅಷ್ಟೇ.

ನಾಗಕ್ಕ ಬಕೆಟ್ಟು ಕೆಳಗಿಟ್ಟಳು. ಗಂಡನಿಗೆ ಏಣಿಯ ನಾಲ್ಕನೇ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತು, ಆತ ಏಣಿ ಹಿಡಿಯುತ್ತಿದ್ದ, ಹದಿನೆಂಟು ವರ್ಷ ಹಿತ್ತಲ ಬಾಗಿಲಿಂದ ಒಳಬಂದು ಗುಮ್ಮಟ ಬಳಿದವಳು ತಾನೇ ಎಂದು ಅಂಗಳದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. ಅಲ್ಲೇ ಇದ್ದ ಕಮಿಟಿಯವರು ನಕ್ಕರು. ಸತ್ತವನ ಮೇಲೆ ಇಂಥ ಮಾತೇಕೆ ಎಂದರು.

"ಮೂಡಲ ಕಿಟಕಿ ಮ್ಯಾಲಿನ ಗಡಿಗೆ ಒಳಗೆ ಕೈ ಹಾಕ್ರಿ. ಮೊದಲ್ನೇ ವರ್ಷ ಒಡೆದ ನನ್ನ ಹಸಿರು ಬಳೆ ಅಲ್ಲೇ ಐತೆ."

ಫೈಸಲ್ ಏಣಿ ಹತ್ತಿದ. ಇಳಿದಾಗ ಅಂಗೈಯಲ್ಲಿ ಸುಣ್ಣ ಮೆತ್ತಿದ ಎರಡು ಬಳೆಚೂರುಗಳಿದ್ದವು.

"ನಮ್ಮ ಗುಡಿಯಾಗೂ ನನ್ನ ಹೊರಗೇ ನಿಲ್ಲಿಸ್ತಾರೆ, ಅದು ರೂಢಿ ಐತೆ. ಈ ಕೆಲಸ ಮಾತ್ರ ಬಿಡಂಗಿಲ್ಲ. ತಪ್ಪಾಗಿದ್ರೆ ಹದಿನೆಂಟು ಉರುಸೂ ತಪ್ಪು ಅನ್ರಿ, ಇಲ್ಲಾಂದ್ರೆ ದಾರಿ ಬಿಡ್ರಿ."

ಯಾರೂ ತಪ್ಪು ಎನ್ನಲಿಲ್ಲ. ದಾರಿಯನ್ನೂ ಬಿಡಲಿಲ್ಲ. ನಾಗಕ್ಕ ಅವರ ಪಕ್ಕದಿಂದ ಹಾದು ಒಳಗೆ ನಡೆದಳು. ಏಣಿಗೆ ಕಾಲಿಡುವ ಮುಂಚೆ ತಿರುಗಿ, ಹಿಡಿಯಲು ಯಾರಾದರೂ ಬರುತ್ತೀರಾ ಎಂದು ಕೇಳಿದಳು. ಗಂಡಸರು ಯಾರೂ ಮುಂದೆ ಬರಲಿಲ್ಲ.

ಫೈಸಲ್‌ನ ತಾಯಿ ಮಾಸೂಮಾ ಅಂಗಳದಲ್ಲೇ ಇದ್ದಳು. ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ಆ ಹೊಸಿಲಾಚೆಯೇ ನಿಂತವಳು. ಚಪ್ಪಲಿ ಬಿಟ್ಟಳು, ಮಗನ ಕಡೆ ನೋಡದೆ ಒಳಗೆ ಬಂದಳು, ಎರಡೂ ಕೈಯಿಂದ ಏಣಿ ಹಿಡಿದಳು.