ಅಪ್ಪ ಕಂಡ ಕೂಗು

ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಗೆ ಡೇರೆ-ತೊಟ್ಟಿಲುಗಳ ಆಟದ ಕಂಪನಿ ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ತಗಡಿನ ಭೋಂಗಾ ಹಿಡಿದವನೊಬ್ಬ ದುರ್ಗದಬೈಲಿನಲ್ಲಿ ಕೂಗುತ್ತ ಹೋದರೆ ಅವನ ಹಿಂದೆ ಕ್ಲಾರಿನೆಟ್ಟು, ದೊಡ್ಡ ಡೋಲು. ಸಂಜೆಗೆ ಕೇಶ್ವಾಪುರದ ಆಚೆಯ ಬಯಲಿನಿಂದ ಅದೇ ಬಾಜಾ ಗಾಳಿಯ ಜೊತೆ ನಮ್ಮ ಓಣಿಯವರೆಗೂ ಬರುತ್ತಿತ್ತು. ಆಮೇಲೆ ನಮಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ.

ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಸೂಟಿಯ ದಿನ ಮಲಗಿಬಿಡುವ ಮನುಷ್ಯ. ಆ ಸಲ ಅಕ್ಕ ಗಂಟುಬಿದ್ದು ಎಬ್ಬಿಸಿದಳು. ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಬಯಲಿನಲ್ಲಿ ಹುರಿದ ಶೇಂಗಾದ ವಾಸನೆ, ಧೂಳು, ಗದ್ದಲ. ಒಂದು ಡೇರೆಯ ಮುಂದೆ ಬಾಜಾದವರು, ಇನ್ನೊಂದರ ಮುಂದೆ ಹಾಡುವ ಪೆಟ್ಟಿಗೆಯ ಹಿತ್ತಾಳೆ ತುತ್ತೂರಿ, ನಡುವೆ ಪೀಪಿ ಊದುವ ಹುಡುಗರು. ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಮರದ ದೊಡ್ಡ ಗಾಲಿಯೊಂದಕ್ಕೆ ನಾಲ್ಕು ತೊಟ್ಟಿಲು ತೂಗುಹಾಕಿ, ಇಬ್ಬರು ಗಂಡಸರು ಕೈಯಿಂದಲೇ ತಿರುಗಿಸುತ್ತಿದ್ದರು. ನನಗೆ ಧೈರ್ಯ ಸಾಲಲಿಲ್ಲ. ಅಕ್ಕ ಹತ್ತಿ ಕೂತಳು.

ಗಾಲಿ ಜೋರು ಹಿಡಿದಂತೆ ಬಾಜಾದವರೂ ಜೋರು ಹಿಡಿದರು. ಮೇಲೆ ಹೋದ ಅಕ್ಕ ಬಾಯಿ ತೆರೆದು ಏನೋ ಕೂಗುತ್ತಿದ್ದಳು. ಎಲ್ಲರೂ ಹಾಗೆ ಕೂಗುವವರೇ. ನಾನು ನಕ್ಕು ಕೈ ಬೀಸಿದೆ. ಅಷ್ಟರಲ್ಲಿ ಅಪ್ಪ ನನ್ನ ಕೈ ಬಿಟ್ಟು ಮುಂದೆ ನುಗ್ಗಿದ.

"ನಿಲ್ಲಸ್ರೋ! ಕೊಂಡಿ ಬಿಚ್ಚೈತಿ ಅನ್ನಾಕತ್ತಾಳ!"

"ಏ ಮಾಮಾ, ಸರೀರಿ ಆ ಕಡೆ," ಎಂದ ಗಾಲಿ ತಿರುಗಿಸುವವ. "ಮಗಳು ಮಜಾ ಮಾಡಾಕತ್ತಾಳ, ನಿಮಗ್ಯಾಕ ಸಂಕಟ? ಈ ಗದ್ದಲದಾಗ ನಿಮಗೊಬ್ಬರಿಗೇ ಕೇಳಿಸ್ತೇನು?"

ಅಪ್ಪ ಅವನತ್ತ ತಿರುಗಲೂ ಇಲ್ಲ. ಕೆಳಗೆ ಬರುತ್ತಿದ್ದ ಗಾಲಿಯ ತೊಲೆಗೆ ಜೋತುಬಿದ್ದ. ಗಾಲಿ ಅವನನ್ನು ಮಣ್ಣಿನಲ್ಲಿ ಎಳೆಯಿತು. ಆಗ ಆ ಇಬ್ಬರೂ ಗಾಬರಿಯಾಗಿ ಹಿಡಿದರು. ಅಕ್ಕನ ತೊಟ್ಟಿಲು ಕೆಳಗಿಳಿದಾಗ ಒಂದು ಮಗ್ಗುಲು ಪೂರ್ತಿ ಕಳಚಿ ನೇತಾಡುತ್ತಿತ್ತು. ಅಕ್ಕ ಮೇಲಿನ ಸರಳನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. ಬಾಜಾ ಇನ್ನೂ ನಡೆದೇ ಇತ್ತು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಕುಂಟುತ್ತ ಮುಂದೆ, ನಾವು ಹಿಂದೆ.

"ಅಪ್ಪಾ, ಯಾರಿಗೂ ಕೇಳದ್ದು ನಿನಗ ಹ್ಯಾಂಗ ಕೇಳ್ತು?" ಅಕ್ಕ ಕೇಳಿದಳು. ಅಪ್ಪ ನಡೆಯುತ್ತಲೇ ಇದ್ದ. ಮತ್ತೆ ಕೇಳಿದಳು. ಆಮೇಲೆ ಓಡಿಹೋಗಿ ಅವನ ಎದುರಿಗೆ ನಿಂತು ಕೇಳಿದಳು. ಅಪ್ಪ ಅವಳ ತುಟಿಗಳನ್ನೇ ನೋಡಿದ.

"ಕೇಳಲಿಲ್ಲವ್ವಾ, ಕಂಡ್ತು. ಮಗ್ಗದ ಸಪ್ಪಳದಾಗ ನಾವೆಲ್ಲಾ ಬಾಯಿ ನೋಡೇ ಮಾತಾಡತೇವಿ."

ನಾನೂ ಎದುರಿಗೆ ಹೋದೆ. "ಹಂಗಾರ ಕ್ಲಾರಿನೆಟ್ ಕೇಳಿಸಲಿಲ್ಲೇನು, ಅಪ್ಪಾ?"

"ಡೋಲು ಎದಿಗೆ ಬಡೀತು," ಎಂದ ಅಪ್ಪ. ಆಮೇಲೆ, "ಛಲೋ ಇತ್ತೇನು, ಅದು?" ಎಂದು ನನ್ನನ್ನೇ ಕೇಳಿದ.

ತೊಟ್ಟಿಲಿನಿಂದ ಇಳಿದಾಗ ಅಳದಿದ್ದ ಅಕ್ಕ ಆಗ ಅತ್ತಳು. ಮಗ್ಗದ ಸಪ್ಪಳ ಅಪ್ಪನ ಕಿವಿ ತಿಂದದ್ದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಮಗೆ ತಿಳಿದಿರಲಿಲ್ಲ. ಕರೆದರೆ ಓಗೊಡದಿದ್ದಾಗ, ದಣಿದಿದ್ದಾನೆ, ಇಲ್ಲವೇ ಸಿಟ್ಟಿನಲ್ಲಿದ್ದಾನೆ ಎಂದೇ ತಿಳಿದಿದ್ದೆವು.

ಅದೇ ಮಗ್ಗದ ದುಡಿಮೆಯಲ್ಲಿ ನಾನು ಓದಿದೆ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಸುದ್ದಿಯನ್ನು ಬಾಗಿಲಿನಿಂದಲೇ ಕೂಗಿದೆ. ಓಣಿಯೆಲ್ಲ ಹೊರಗೆ ಬಂತು. ಅಪ್ಪ ಮಾತ್ರ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಎದುರಿಗೆ ಕೂತು ಮತ್ತೊಮ್ಮೆ ಹೇಳಬೇಕಾಯಿತು.

ಈಗ ಯಂತ್ರದ ಮುಂದೆ ನಿಲ್ಲುವವರಿಗೆ ಕಿವಿ ಮುಚ್ಚಿಕೊಳ್ಳಲು ಏನೋ ಕೊಡುತ್ತಾರಂತೆ, ಒಳ್ಳೆಯದು. ಮೊಮ್ಮಕ್ಕಳೇ, ನೀವು ಹತ್ತುವ ತೊಟ್ಟಿಲು ಕರೆಂಟಿನದು, ಮನೆಗಳಿಗಿಂತ ಎತ್ತರದ್ದು. ತುದಿಗೆ ಹೋದಮೇಲೆ ನೀವು ಮೊಬೈಲಿನಲ್ಲಿ "ಅಜ್ಜಾ, ನಾವು ಕಾಣಸ್ತೇವೇನು?" ಎಂದು ಕೇಳಿ ನಗುತ್ತೀರಿ. ನಿಮ್ಮ ದನಿ ನನ್ನ ಕಿವಿಯೊಳಗೇ ಇರುತ್ತದೆ. ಆದರೂ ನೀವು ಕೆಳಗಿಳಿಯುವ ತನಕ ನಾನು ನೋಡುತ್ತಿರುವುದು ನಿಮ್ಮ ಬಾಯಿಯನ್ನೇ.