ನಯಾಗರ ನೋಡದ ಆಂಟಿ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ, ಹೊಸದಾಗಿ ಸೇರಿದ ಮೈಸೂರಿನ ಹುಡುಗಿ ಡಬ್ಬಿ ತೆರೆದಳು. ಗೊಜ್ಜವಲಕ್ಕಿ. ಹುಣಸೆ, ಬೆಲ್ಲ, ಸಾರಿನ ಪುಡಿ, ಕೊಬ್ಬರಿ ಬೆರೆತ ಆ ವಾಸನೆಗೆ ನನ್ನ ಹಳೆಯ ಕಾರು ನೆನಪಾಯಿತು. ಅದರ ಹಿಂದಿನ ಸೀಟಿನಲ್ಲಿ ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ, ಎರಡು ಮನೆ ಆಚೆಯ ಆಂಟಿಯೂ…

2013ರ ಸುಮಾರು. ನಾವು ಆಗಲೂ ನ್ಯೂಜಿಲೆಂಡಿನ ಈ ಅಪ್ಪರ್ ಹಟ್‌ನಲ್ಲೇ ಇದ್ದೆವು. ಗಂಡ ತೀರಿಕೊಂಡ ಮೇಲೆ ಆಂಟಿ ನರ್ಸ್ ಆಗಿದ್ದ ಮಗಳ ಮನೆಗೆ ಬಂದಿದ್ದರು. ಮಗಳಿಗೆ ವೀಕೆಂಡ್ ಶಿಫ್ಟ್. ಹಾಗಾಗಿ ತಿಂಗಳಿಗೊಂದು ಭಾನುವಾರ ಕನ್ನಡದವರೆಲ್ಲ ಸೇರುವ ಹಾಲ್‌ಗೆ ಅವರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಆಂಟಿಗೆ ಮನಸಾರೆ ಮಾತಾಡಲು ಸಿಗುತ್ತಿದ್ದುದು ಅದೊಂದೇ ಮಧ್ಯಾಹ್ನ.

ದಾರಿಯುದ್ದಕ್ಕೂ ಶಿಕಾಗೋ ಪುರಾಣ. ಹನ್ನೊಂದು ವರ್ಷ ಅಲ್ಲಿದ್ದರಂತೆ. ಮೇಲಿನ ಮನೆಯಲ್ಲಿ ಪೋಲೆಂಡಿನ ಅಜ್ಜಿ, ಕೆಳಗೆ ಮೆಕ್ಸಿಕೋದವರ ಅಂಗಡಿ, ಮೂಲೆ ತಿರುಗಿದರೆ ಗುಜರಾತಿಯ ತರಕಾರಿ. ಒಂದೇ ಬಸ್ಸಿನಲ್ಲಿ ಹತ್ತು ಭಾಷೆ ಕೇಳಿಸುತ್ತಿತ್ತಂತೆ. ಇವರ ಸೀರೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ನಾನು ಹೂಂಗುಟ್ಟುತ್ತಿದ್ದೆ, ಒಳಗೊಳಗೇ ಅನುಮಾನ. ಹಾಲಿನ ಬಾಟಲಿಯ ಮೇಲಿನ ದಿನಾಂಕವನ್ನೂ ಎರಡು ಸಲ ಓದುವವಳು ನಾನು. ಅಮೆರಿಕದಲ್ಲಿ ಇದ್ದವರಿಗೆ ಕಾರು ಓಡಿಸಲು ಬಾರದಿರುವುದುಂಟೇ? ನಮ್ಮ ಕಡೆಯವರು ಬಾಣಂತನಕ್ಕೆಂದು ಮೂರು ತಿಂಗಳು ಹೋದರೂ, ರೇನ್‌ಕೋಟ್ ತೊಟ್ಟು ನಯಾಗರದ ಮುಂದೆ ನಿಂತ ಫೋಟೋ ತರುತ್ತಾರೆ. ನಮ್ಮ ಅತ್ತೆಯದ್ದೂ ಗೋಡೆಯ ಮೇಲಿದೆ. ಇವರ ಹತ್ತಿರ ಅದೂ ಇರಲಿಲ್ಲ. ಮಗಳನ್ನು ಕೇಳಿದ್ದರೆ ಮುಗಿಯುತ್ತಿತ್ತು, ಕೇಳಲಿಲ್ಲ. ತಾಯಿ ಮಗಳು ಮೊದಲೇ ಮಾತಾಡಿಕೊಂಡಿರುತ್ತಾರೆ ಎಂದು ನನ್ನ ಲೆಕ್ಕ.

ಅನುಮಾನವನ್ನು ನನ್ನಲ್ಲೇ ಇಟ್ಟುಕೊಳ್ಳಲೂ ಇಲ್ಲ, ಒಬ್ಬಿಬ್ಬರ ಕಿವಿಗೆ ಹಾಕಿದೆ. ಯುಗಾದಿ ಊಟದ ದಿನ ಎಲ್ಲರೂ ತಟ್ಟೆ ಹಿಡಿದು ಕೂತಿದ್ದಾಗ ನಗುನಗುತ್ತಲೇ ಕೇಳಿಬಿಟ್ಟೆ.

"ಆಂಟಿ, ಡ್ರೈವಿಂಗೂ ಬರಲ್ಲ, ನಯಾಗರಾನೂ ನೋಡಿಲ್ಲ. ನಿಜವಾಗ್ಲೂ ಅಮೆರಿಕದಲ್ಲಿದ್ರಾ?"

ಸುತ್ತಲಿದ್ದವರು ನಕ್ಕರು. ಆಂಟಿ ತಟ್ಟೆ ಕೆಳಗಿಟ್ಟರು.

"ಬಸ್ಸಿತ್ತಮ್ಮ ಅಲ್ಲಿ," ಎಂದರು. "ಕರ್ಕೊಂಡು ಹೋಗಿ ಅಂತ ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ. ಅದಕ್ಕೇ ನಂಗೆ ಆ ಊರು ಇಷ್ಟ."

ವಾಪಸ್ ಬರುವಾಗ ಶಿಕಾಗೋ ಸುದ್ದಿಯೇ ಇಲ್ಲ. ಮುಂದಿನ ತಿಂಗಳು ಅವರ ಫೋನ್ ಬರಲಿಲ್ಲ, ನಾನೂ ಮಾಡಲಿಲ್ಲ. ಸುಳ್ಳು ಸಿಕ್ಕಿಬಿತ್ತು, ಮುಖ ತೋರಿಸಲು ನಾಚಿಕೆ ಎಂದುಕೊಂಡೆ. ಹೀಗೇ ತಿಂಗಳುಗಳು ಕಳೆದವು. ಆಮೇಲೆ ಮಗಳು ದೂರದ ಬಾಟನಿ ಡೌನ್ಸ್‌ಗೆ ಮನೆ ಬದಲಿಸಿದಳು. ಆಂಟಿ ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು…

ಕಣ್ಣಿನ ಆಪರೇಷನ್ ಆಗಿ ಈಗ ಒಂದು ತಿಂಗಳಿಂದ ನಾನು ಕಾರು ಓಡಿಸುತ್ತಿಲ್ಲ. ಕೆಲಸಕ್ಕೆ ರೈಲಿದೆ, ಹಾಲ್‌ಗೆ ಏನೂ ಇಲ್ಲ. ಕಳೆದ ಭಾನುವಾರ ಲಿಫ್ಟ್ ಕೇಳಲು ಫೋನ್ ಎತ್ತಿಕೊಂಡೆ, ಮೂರು ಹೆಸರು ನೋಡಿದೆ, ಕೆಳಗಿಟ್ಟೆ. ಬಾಯಿ ಬರಲಿಲ್ಲ. ಶಿಕಾಗೋ ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಅನುಮಾನ ಪೂರ್ತಿ ಹೋಗಿಲ್ಲ, ನನ್ನ ಬುದ್ಧಿಯೇ ಅಷ್ಟು. ಆದರೆ ಸುಳ್ಳೇ ಆಗಿದ್ದರೂ ನನ್ನ ಗಂಟೇನು ಹೋಗುತ್ತಿತ್ತು? ಫೋನ್ ನಿಂತ ಮೇಲಿನ ಆ ಭಾನುವಾರಗಳಲ್ಲೂ ಆಂಟಿ ತಲೆ ಬಾಚಿಕೊಂಡು, ಹೊರಡಲು ಸಿದ್ಧವಾಗಿ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ನಾನು ನೋಡಿಯೂ ಕಾರು ನಿಲ್ಲಿಸಲಿಲ್ಲ.