ವೈದ್ಯನ ತಲೆದಿಂಬು

ತಿಕೋಟೆಯ ಖಂಡಪ್ಪ ಶಾಲೆಯ ಕಟ್ಟೆ ಹತ್ತಿದವನಲ್ಲ. ಸಂತೆಯಲ್ಲಿ ಸಿಕ್ಕ, ಮೊದಲ ಹಾಳೆಗಳೇ ಇಲ್ಲದ ಮದ್ದಿನ ಪುಸ್ತಕವೊಂದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ವೈದ್ಯನಾದವನು. ಹೊನವಾಡದಿಂದ ಬಬಲೇಶ್ವರದವರೆಗೆ ನಿದ್ದೆ ಬಾರದವರೆಲ್ಲ ಅವನಲ್ಲಿಗೆ ಬರುತ್ತಿದ್ದರು. ಜಟಾಮಾಂಸಿಯ ಬೇರು ಕುದಿಸಿದ ಕಷಾಯ ಕುಡಿದು ಕೂಸುಗಳಂತೆ ಮಲಗುತ್ತಿದ್ದರು. ಮಲಗದವನು ಖಂಡಪ್ಪ ಒಬ್ಬನೇ. ಮೂರು ವರ್ಷದಿಂದ ಅವನಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಇದು ಹೆಂಡತಿ ರಾಚವ್ವನಿಗಷ್ಟೇ ಗೊತ್ತು. ಊರಿಗೆ ತಿಳಿದರೆ, ಬೋಳುತಲೆಯವ ಕೂದಲೆಣ್ಣೆ ಮಾರಿದಂತಾಯಿತು ಎಂದು ನಕ್ಕಾರೆಂದು ಅವನು ಹೆದರಿದ್ದ.

ಎಪ್ಪತ್ತಾರನೇ ಇಸವಿಯ ಬೇಸಿಗೆ. ಕಷಾಯ ತನಗೆ ನಾಟದ್ದರಿಂದ ಬೇರನ್ನೇ ತಲೆದಿಂಬಿಗೆ ತುಂಬಿ ಅದರ ವಾಸನೆ ಎಳೆದುಕೊಳ್ಳಬೇಕೆಂದು ಅವನು ವಿಜಾಪುರದ ಜೋರಾಪುರ ಪೇಟೆಗೆ ಹೋದ. ಬೇರು ಮಾರುವ ಅತ್ತಾರ ಪೀರಸಾಬ ಚೀಲ ಕಟ್ಟುತ್ತ ಕೇಳಿದ:

"ಇಷ್ಟ್ಯಾಕ್ರಿ ಖಂಡಪ್ಪಣ್ಣ?"

"ದಿಂಬಿಗೆ. ಒಬ್ಬ ರೋಗಿ ಅದಾನ."

"ದಿಂಬಿಗೆ ಬ್ಯಾಡ್ರಿ. ಈ ವಾಸನಿಗೆ ಬೆಕ್ಕು ಬರ್ತಾವ. ನಾ ಡಬ್ಬಿ ಮ್ಯಾಲ ಕಲ್ಲು ಹೇರಿಡ್ತೀನಿ."

"ನನ್ನ ಪುಸ್ತಕದಾಗ ಬೆಕ್ಕಿನ ಮಾತಿಲ್ಲ ಬಿಡ್ರಿ."

ಹರಿದುಹೋದ ಹಾಳೆಗಳಲ್ಲಿ ಇತ್ತೇನೋ.

ಬೇಸಿಗೆಯಲ್ಲಿ ಓಣಿಗೆ ಓಣಿಯೇ ಮಾಳಿಗೆಯ ಮೇಲೆ ಮಲಗುವುದು ವಾಡಿಕೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಮಾಳಿಗೆಗಳೆಲ್ಲ ಒಂದೇ ಬಯಲು. ಮರುದಿನ ಬೆಳಗ್ಗೆ ನೆರೆಮನೆಯ ಪರಸವ್ವ ಎದ್ದು ನೋಡಿದರೆ, ವೈದ್ಯನ ದಿಂಬಿನ ಸುತ್ತ ಏಳು ಬೆಕ್ಕು ಜೊಲ್ಲು ಸುರಿಸುತ್ತ, ಕಾಲು ಮೇಲೆ ಮಾಡಿ ಮಲಗಿದ್ದವು. ಮೈಕೈ ಪರಚಿಸಿಕೊಂಡ ಖಂಡಪ್ಪ ಮೂಲೆಯಲ್ಲಿ ಕೆಂಗಣ್ಣು ಬಿಟ್ಟು ಕುಳಿತಿದ್ದ.

"ಯಾಕ್ರಿ ವೈದ್ಯರ, ಬೆಕ್ಕಿಗೂ ಮದ್ದು ಸುರು ಮಾಡೀರೇನು?"

ಅಕ್ಕಪಕ್ಕದ ಮಾಳಿಗೆಗಳಲ್ಲಿ ತಲೆಗಳೆದ್ದವು. ಸುಳ್ಳು ಹೇಳಲೆಂದು ಖಂಡಪ್ಪ ಬಾಯಿ ತೆರೆದರೆ ಬಂದದ್ದು ಆಕಳಿಕೆ.

ರಾಚವ್ವ ಕೌದಿ ಮಡಚುತ್ತ, "ಹೇಳಿಬಿಡ್ರಿ ಇನ್ನ. ಬೆಕ್ಕಿಗೇ ಗೊತ್ತಾಗೇತಿ" ಅಂದಳು.

"ಪರಸವ್ವ, ಮೂರು ವರ್ಷ ಆತು ಬೇ, ನನಗ ನಿದ್ದಿ ಇಲ್ಲ" ಎಂದ ಖಂಡಪ್ಪ. "ಮದ್ದು ಖರೇ ಐತಿ, ಬೆಕ್ಕು ನೋಡು. ವೈದ್ಯನೇ ಖೊಟ್ಟಿ."

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಮಧ್ಯಾಹ್ನ ಅದೇ ಪರಸವ್ವ ಅತ್ತೆಗೆಂದು ಕಷಾಯ ಕೇಳಿಕೊಂಡು ಬಂದಳು.

ಮರುದಿನ ಖಂಡಪ್ಪ ಪೀರಸಾಬನ ಮುಂದೆ ತಪ್ಪೊಪ್ಪಿಕೊಳ್ಳಲು ಹೋಗಿ, ಅಲ್ಲಿಯೂ ನಗಿಸಿ, ಬಸ್ಸು ಹತ್ತಿದ. ಯಾರೋ ಹೆಗಲು ಅಲ್ಲಾಡಿಸಿದಾಗಲೇ ಕಣ್ಣು ಬಿಟ್ಟದ್ದು.

"ಯಜಮಾನ್ರ, ಕನಮಡಿ ಬಂತು. ಬಸ್ ಮುಂದ ಹೋಗಂಗಿಲ್ಲ" ಎಂದ ಕಂಡಕ್ಟರ್. "ತಿಕೋಟ್ಯಾಗ ಎಬ್ಬಸಾಕ ನೋಡಿದ್ವಿ. ನಿಮ್ಮ ಗೊರಕಿ ಕೇಳಿ ಯಾರಿಗೂ ಮನಸಾಗಲಿಲ್ಲ."

ಖಂಡಪ್ಪ ಗಲ್ಲದ ಜೊಲ್ಲು ಒರೆಸಿಕೊಂಡ.

"ಇರಲಿ ಬಿಡಪಾ, ಅವಸರಿಲ್ಲ. ಊರಾಗ ವೈದ್ಯಕಿ ನೋಡ್ಕೊಳ್ಳಾಕ ಏಳು ಬೆಕ್ಕು ಅದಾವ."